ಎರಡು ಲಕ್ಷ ನಲವತ್ತೊಂದು ಸಾವಿರ

ಪೇರೇಸಂದ್ರದ ಕ್ರಷರಿನ ಶೆಡ್ಡಿನಲ್ಲಿ
ಜಲ್ಲಿಪುಡಿ ಹೊದ್ದು ಮಲಗಿತ್ತು.
ಬಾನೆಟ್ಟಿನ ಮೇಲೆ ಬೆರಳೆಳೆದೆ:
ಒಂದು ಗೆರೆಯಷ್ಟು ಕಪ್ಪು,
ಆ ಗೆರೆಯೊಳಗೆ ನನ್ನ ಮೂಗು.

'ಬೀಎಂಡಬ್ಲ್ಯೂ ಕಣಪ್ಪಾ, ಸುಮ್ನೆ ಅಲ್ಲ'
ಅಂದರು ಆವುಲರೆಡ್ಡಿ, ಹಲ್ಲುಕಡ್ಡಿ ಬದಲಿಸುತ್ತ.
ಹದಿನಾರು ವರ್ಷದ್ದು. ಮೂರು ಕೈ ದಾಟಿದ್ದು.
ಮೀಟರಿನಲ್ಲಿ ಎರಡು ಲಕ್ಷ ನಲವತ್ತೊಂದು ಸಾವಿರದ
ಮುನ್ನೂರ ಎಂಬತ್ತಾರು.
ನಿಂತಲ್ಲಿಂದ ನೂರಕ್ಕೆ ಎಂಟೇ ಸೆಕೆಂಡಂತೆ, ಈಗಲೂ.
ಎಂಟು ಸೆಕೆಂಡಿನಲ್ಲಿ ನಾನು ಈವರೆಗೆ
ಎಲ್ಲಿಗೂ ಮುಟ್ಟಿದ್ದಿಲ್ಲ.

ಬಾಬಾಜಾನ್ ಉದ್ದನೆ ಸ್ಕ್ರೂಡ್ರೈವರಿನ ಮೊನೆಯನ್ನು ಇಂಜಿನ್ನಿಗೂ
ಹಿಡಿಯನ್ನು ಕಿವಿಗೂ ಇಟ್ಟು
ಹೆರಿಗೆ ಡಾಕ್ಟರ ಹಾಗೆ ಕಣ್ಣು ಮುಚ್ಚಿದ.
'ಲೇ ಮಾರ್ಕೊಂಡ, ಚೈನು ಮುಲುಗ್ತಾ ಇದೆ.
ಅದಿರೋದು ಇಂಜಿನ್ನಿನ ಬೆನ್ನ ಹಿಂದೆ.
ಮುಟ್ಟಬೇಕಂದರೆ ಪೂರ್ತಿ ಇಳಿಸಬೇಕು, ತೊಂಬತ್ತು ಸಾವಿರ.
ನಿನ್ನ ಪಾಲಿಟೆಕ್ನಿಕ್ ಫೀಸು ಎಷ್ಟು?'
ಹೇಳಲಿಲ್ಲ.
ಅವನಿಗೆ ಗೊತ್ತಿತ್ತು.

ನಾನೇ ಬಿಚ್ಚಿ ಕೂಡಿಸಿ ಮಾರಿದ ಎರಡು ಬೈಕು,
ದ್ರಾಕ್ಷಿ ಪ್ಯಾಕಿಂಗ್ ಶೆಡ್ಡಿನ ಹನ್ನೊಂದು ತಿಂಗಳ ರಾತ್ರಿಪಾಳಿ,
ಮತ್ತೆ, ನಷ್ಟಕ್ಕೆ ಕೂಗಿ ಎತ್ತಿದ ಒಂದು ಚೀಟಿ.
ಚೀಟಿ ಇದ್ದದ್ದು ಅಮ್ಮನ ಹೆಸರಲ್ಲಿ.
ರೆಡ್ಡಿಯವರು ಎಂಜಲು ಹಚ್ಚಿ ಎರಡು ಸಲ ಎಣಿಸಿದರು,
ಕೀ ಒಂದೇ ಕೊಟ್ಟರು.
'ಇನ್ನೊಂದು?'
'ಕಳೆದುಹೋಯ್ತು. ಮಾಡಿಸಿದರೆ ಮೂವತ್ತು ಸಾವಿರ.
ಆನೆ ಕೊಟ್ಟೋನ ಹತ್ರ ಅಂಕುಶಕ್ಕೆ ಜಗಳಾನಾ?'

ಒಳಗೆ ಚರ್ಮದ ಸೀಟು, ಯಾರದೋ ಸೆಂಟು.
ಮುಂದಿನ ಖಾನೆಯಲ್ಲಿ ಬಾಗೇಪಲ್ಲಿಯ ಟೋಲ್ ರಸೀದಿಗಳು,
ಅಕ್ಷರ ಮಾಸಿ ಬರೀ ಕಾಗದವಾದವು,
ಒಂದು ಮಗುವಿನ ಹೇರ್‌ಕ್ಲಿಪ್ಪು.
ಸೀಟಿನ ಪಕ್ಕ ಒಂದು, ಎರಡು ಎಂಬ ಗುಂಡಿಗಳು.
ಒಂದು ಒತ್ತಿದೆ: ಸೀಟು ಹಿಂದಕ್ಕೆ ಹೋಗಿ ಒರಗಿತು,
ರೆಡ್ಡಿಯವರ ಹೊಟ್ಟೆಗೆ ಜಾಗ ಬಿಟ್ಟು.
ಎರಡು ಒತ್ತಿದೆ: ಮೆಲ್ಲಗೆ ಮುಂದೆ ಬಂತು, ಮೇಲೆದ್ದಿತು,
ಯಾರೋ ಗಿಡ್ಡನೆಯ ಹೆಂಗಸು
ಸ್ಟೀರಿಂಗನ್ನು ಎದೆಗೊತ್ತಿಕೊಂಡು ಓಡಿಸಿದ್ದಳು ಇದನ್ನು,
ಎಷ್ಟು ದೂರವೋ.
ಕೇಳೋಣವೆಂದು ತಿರುಗಿದೆ, ರೆಡ್ಡಿಯವರು
ಜಲ್ಲಿ ಲಾರಿಯವನ ಜೊತೆ ಕೂಗಾಡುತ್ತಿದ್ದರು.

ಹೆದ್ದಾರಿಯಲ್ಲಿ ಒಮ್ಮೆ, ಒಮ್ಮೆ ಮಾತ್ರ, ತುಳಿದೆ.
ಯಾರೋ ಹಿಂದಿನಿಂದ ಬಾಚಿ ತಬ್ಬಿದ ಹಾಗೆ.
ನಂದಿಬೆಟ್ಟ ಗಾಜಿನ ಒಂದು ಮೂಲೆಯಿಂದ
ಇನ್ನೊಂದಕ್ಕೆ ಜಾರಿತು.
ಆಮೇಲೆ ಹಳದಿ ದೀಪ ಹತ್ತಿತು.
ಶಿಡ್ಲಘಟ್ಟದವರೆಗೂ ನಲವತ್ತರಲ್ಲೇ ಬಂದೆ
ಟೊಮೆಟೊ ಆಟೋಗಳಿಗೆ ದಾರಿ ಬಿಡುತ್ತ.

ಅಮ್ಮ ರೀಲಿಂಗಿನಿಂದ ಬರುವ ಹೊತ್ತು.
ಬಿಸಿನೀರಲ್ಲಿ ನೆನೆನೆನೆದು ಬಿಳಿಚಿದ ಬೆರಳು
ಬಾಗಿಲ ಹಿಡಿಯ ಮೇಲೆ.
ಬೈಗುಳಕ್ಕೆ ಬೆನ್ನು ಕೊಟ್ಟು ನಿಂತೆ.
'ಎಷ್ಟು ಓಡಿದೆ?'
ಹೇಳಿದೆ. ಕಡಿಮೆ ಹೇಳಬಹುದಿತ್ತು.
ಅವಳು ಬೆರಳು ಮಡಚಿದಳು, ಬಿಚ್ಚಿದಳು.
'ಒಂದು ಗೂಡಿಗೆ ಹೆಚ್ಚೂಕಡಿಮೆ ಒಂದು ಕಿಲೋಮೀಟರು ಎಳೆ.
ಅಂದರೆ ಎರಡೂವರೆ ಲಕ್ಷ ಗೂಡು.
ಅಷ್ಟೇನಾ?
ಸಂಕ್ರಾಂತಿಯಿಂದ ಯುಗಾದಿಗೆ ನಾನೊಬ್ಬಳೇ ಬಿಚ್ಚಿದ್ದೀನಿ.'

ಚೀಟಿಯ ಮಾತು ನಾಳೆ ಬರುತ್ತದೆ. ಬಂದೇ ಬರುತ್ತದೆ.
ಸದ್ಯ ನನ್ನನ್ನು ಪಕ್ಕಕ್ಕೆ ಸರಿಸಿ
ಸ್ಟೀರಿಂಗಿನ ಮುಂದೆಯೇ ಕೂತಳು,
ಇದೇನೆಂದು ಎರಡನೇ ಗುಂಡಿ ಒತ್ತಿದಳು.
ಸೀಟು ಅವಳನ್ನೆತ್ತಿಕೊಂಡು ಮುಂದೆ ಬಂತು,
ಕಾಲು ಪೆಡಲಿಗೆ ಎಟುಕಿತು.
ಆ ಸೆಂಟಿನ ಮೇಲೆ
ಗೂಡು ಬೆಂದ ವಾಸನೆ ನಿಧಾನ ಹರಡಿತು.

'ಸ್ಟಾರ್ಟ್ ಮಾಡು' ಅಂದಳು.
ಬಾಬಾಜಾನನಂತೆಯೇ ತಲೆ ವಾಲಿಸಿ ಕೇಳಿದಳು,
ಬೀದಿನಾಯಿ ಎರಡು ಸಲ ಬೊಗಳಿ ಸುಮ್ಮನಾಗುವ ತನಕ.
'ತೆಳ್ಳಗಾಗಿದೆ ಕಣೋ' ಅಂದಳು,
'ಹುಳ ಕಾಣೋ ಅಷ್ಟು.
ಆದರೂ ಎಳೆ ಇನ್ನೂ ಬರ್ತಾ ಇದೆ.
ಆಫ್ ಮಾಡು ಈಗ, ಡೀಸೆಲ್ ಯಾರಪ್ಪಂದು?'