ತಕ್ಕಡಿ ಹೊತ್ತವನು

ಆ ವರ್ಷ ನನ್ನ ಕೆಲಸ ಇಷ್ಟೇ:
ಡಾಕ್ಟರ ಹಿಂದೆ ತಕ್ಕಡಿ ಹೊತ್ತು ನಡೆಯುವುದು.
ಕ್ರೀಟಿನ ಗುಡ್ಡದೂರು, ನವೆಂಬರ್, ಗಾಣದ ಹೊಗೆ,
ಬೀದಿಯ ಕಲ್ಲಿಗೂ ಎಣ್ಣೆಯ ಜಾರು.

ಕಲ್ಲಿರೋಯಿಯ ಮನೆಯಲ್ಲಿ ಏಳು ದಿನ.
ಬಾಯಿಗೆ ಹೋಗುವ ಮುಂಚೆ ಪ್ರತಿ ತುತ್ತೂ
ನನ್ನ ತಟ್ಟೆಗೆ ಬಂದು ಹೋಗಬೇಕು.
ಮೊದಲ ದಿನ ಅವಳ ಗಂಡ, ಹಸಿದವನು,
ತಕ್ಕಡಿಯನ್ನು ನೋಡಿದ ಬಗೆ
ಈಗಲೂ ನೆನಪಿದೆ.

ಬಾರ್ಲಿಯ ಒಣರೊಟ್ಟಿ ನೂರಿಪ್ಪತ್ತು ಗ್ರಾಂ.
ಗುಡ್ಡದ ಸೊಪ್ಪು, ಬೇಯಿಸಿ ಹಿಂಡಿದ್ದು, ಇನ್ನೂರು.
ಆಲಿವ್ ಕಾಯಿ ಹನ್ನೊಂದು.
"ಬೀಜ ಕಳೆದು ಬರಿ" ಎಂದರು ಡಾಕ್ಟರು.
ಕೈಚಾಚಿ ಕಾದೆ.
ಮುದುಕ ಒಂದೊಂದನ್ನೇ ಚೀಪಿ ಚೀಪಿ
ನನ್ನ ಅಂಗೈಗೆ ಉಗುಳಿದ,
ದಾನ ಕೊಟ್ಟವನಂತೆ.

ಎಣ್ಣೆಯ ಸರದಿ ಬಂತು.
ಅಳತೆಯ ಚಮಚ ಕೊಟ್ಟರೆ ಪಕ್ಕಕ್ಕಿಟ್ಟಳು.
ಜಾಡಿ ಬಗ್ಗಿಸಿದಳು: ಸೊಪ್ಪಿನ ಮೇಲೆ, ಬೇಳೆಯ ಮೇಲೆ,
ರೊಟ್ಟಿಯ ಮೇಲೆ, ಕೊನೆಗೆ ತನ್ನ ಒಡೆದ ಹಿಮ್ಮಡಿಗೂ ಒಂದಿಷ್ಟು.
"ಎಷ್ಟು?" ಪೆನ್ಸಿಲ್ ಎತ್ತಿದರು ಡಾಕ್ಟರು.
"ಸಾಕಾಗುವಷ್ಟು."

ಐದನೆಯ ದಿನ, ಬುದ್ಧಿ ಸಾಲದೆ,
ಮರದಿಂದಲೇ ಒಂದು ಕಾಯಿ ಕಿತ್ತು ಕಚ್ಚಿದೆ.
ಕಹಿ ಕಿವಿಯವರೆಗೂ ಏರಿತು.
ಕಲ್ಲಿರೋಯಿ ನಕ್ಕೂ ನಕ್ಕೂ ಕೂತೇಬಿಟ್ಟಳು.
ಆಮೇಲೆ ಕಲಿಸಿದಳು:
ಕಲ್ಲಿನಿಂದ ಒಂದೇ ಏಟು, ಬೀಜ ಒಡೆಯಬಾರದು;
ಹತ್ತು ದಿನ ನೀರು ಬದಲಿಸು, ಹಬ್ಬವಿರಲಿ ಸಾವಿರಲಿ;
ಉಪ್ಪುನೀರಿಗೆ ಹಸಿಮೊಟ್ಟೆ ಬಿಡು,
ತೇಲಿ, ನಾಣ್ಯದಗಲ ಮುಖ ತೋರಿದರೆ ಉಪ್ಪು ಸರಿ.
ನಿಂಬೆ, ಕಾಡುಸೋಂಪು.
"ಕಹಿ ಪೂರಾ ಹೋಗಬಾರದು ಮತ್ತೆ.
ಹೋದರೆ ಅದು ಕಾಯಲ್ಲ, ಬರೀ ಉಪ್ಪು."

ಕೊನೆಯ ರಾತ್ರಿ ಗಾಣದಿಂದ ಹೊಸ ಎಣ್ಣೆ ಬಂತು,
ಹಸಿರು, ಮಬ್ಬು,
ಗಂಟಲಿಗಿಳಿದರೆ ಮೆಣಸಿನಂತೆ ಕೆಮ್ಮಿಸುವಂಥದ್ದು.
ಡಾಕ್ಟರಿಗೆ ಗಾಢ ನಿದ್ದೆ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು, ಪಾಪ.
ಕೆಂಡದಲ್ಲಿ ಸುಟ್ಟ ರೊಟ್ಟಿಯನ್ನು ಅದ್ದಿ
ಅವಳು ನನ್ನ ಕೈಗಿಟ್ಟಳು.
ತೊಟ್ಟಿಕ್ಕಿತು, ಮೊಣಕೈವರೆಗೆ ಹರಿಯಿತು.
ತೂಗಲಿಲ್ಲ.

ಹೊರಡುವಾಗ ಬಾಗಿಲ ಬಳಿಯ ಹರವಿ ತೋರಿಸಿದಳು,
ನನ್ನ ಎದೆಯೆತ್ತರದ್ದು:
"ಇವತ್ತು ತುಂಬಿದೆ. ಮುಂದಿನ ನವೆಂಬರಿಗೆ
ಬಂದು ತಳ ನೋಡಿ.
ನಡುವಿನ ಲೆಕ್ಕವೆಲ್ಲ ನಮ್ಮ ಮೈಯಲ್ಲಿದೆ."

ನಾವು ಮತ್ತೆ ಹೋಗಲಿಲ್ಲ. ವರದಿ ಅಚ್ಚಾಯಿತು.
ಎಣ್ಣೆಯ ಸಾಲಿನಲ್ಲೊಂದು ಅಂಕಿ, ಪಕ್ಕದಲ್ಲಿ 'ಅಂದಾಜು'.
ಅದರಲ್ಲಿ
ಒಂದು ತುಂಡು ರೊಟ್ಟಿಯದು ಸೇರಿಲ್ಲ.