ಎರಡು ಬೆರಳಷ್ಟು

ಪೆನ್ನು ಕೆಳಗಿಡಿ, ಹುಡುಗಿಯರೇ.
ಮೊದಲು ಹೆಸರು ಕೇಳಬೇಕು. ಚರ್ಚಿನಲ್ಲಿ ಇಟ್ಟದ್ದಲ್ಲ,
ನಿಮ್ಮ ಕಂಪಾಲಾದಲ್ಲಿ ಹೇಗೋ ಏನೋ,
ಈ ಬೆಟ್ಟದ ಕಡೆ ಎಲ್ಲರಿಗೂ ಮುದ್ದಿನ ಹೆಸರೊಂದು ಇರುತ್ತದೆ.
ಅದನ್ನು ಕೇಳದೆ ನಾಡಿ ಹಿಡಿದರೆ
ದನದ ಡಾಕ್ಟರು ಬಂದ ಹಾಗೆ.

"ಅರಾಲಿ" ಎಂದ ಕತುರಾಮು, ಚಾಪೆಯಿಂದಲೇ.
"ಅಬ್ವೋಲಿ" ಎಂದೆ ನಾನು.
ಆಮೇಲೆ ಚಹಾ, ಆಮೇಲೆ ಮಳೆಯ ಮಾತು,
ಆಮೇಲೆ ಕುಂಟುವ ಮೇಕೆ.
ಕೊನೆಗೆ, ನೋವು.

ಪ್ರಾಸ್ಟೇಟಿನಿಂದ ಹೊರಟದ್ದು
ಬೆನ್ನುಮೂಳೆಯಲ್ಲಿ ಬಂದು ಬಿಡಾರ ಹೂಡಿತ್ತು.
ಕಂಪಾಲಾದಲ್ಲಿ ಒಂದು ಸಲ ಕಿರಣ ಕೊಟ್ಟಿದ್ದರು.
ಆರು ತಾಸಿನ ಬಸ್ಸು ಕೊಟ್ಟದ್ದನ್ನು
ಕಿರಣ ವಾಪಸು ತೆಗೆದುಕೊಳ್ಳಲಿಲ್ಲ ಎಂದು ನಕ್ಕ.
ನಕ್ಕದ್ದಕ್ಕೆ ಬೆವರಿದ.

ನಾನು ಕಲಿತ ಪಾಠ ಹೇಳಿದೆ:
ಕೈ ಎತ್ತು. ಮುಷ್ಟಿ ಕಟ್ಟಿದರೆ ನೋವಿಲ್ಲ.
ಒಂದು ಬೆರಳೆಂದರೆ ಇದೆ, ಕೆಲಸದಲ್ಲಿ ಮರೆತೂ ಹೋಗುತ್ತದೆ.
ಐದೂ ಬಿಚ್ಚಿದರೆ ಅದರಾಚೆ ಇನ್ನಿಲ್ಲ.
ಓದು ಬಾರದವರಿಗೂ ಕೈ ಇದೆಯಲ್ಲ,
ಅದಕ್ಕೇ ಈ ಲೆಕ್ಕ.

ಎತ್ತಿದ. ಹೆಬ್ಬೆರಳು, ತೋರುಬೆರಳು, ನಡುಬೆರಳು.
ಮೂರು ಎಂದು ಬರೆದೆ.

ಹಸಿರು ಬಣ್ಣದ ಮಾರ್ಫಿನ್, ನೀರಿನ ಹಳೇ ಬಾಟಲಿಯಲ್ಲಿ.
ಐದು ಮಿಲಿ, ನಾಲ್ಕು ತಾಸಿಗೊಮ್ಮೆ, ಮಲಗುವಾಗ ದುಪ್ಪಟ್ಟು.
ಹೊಟ್ಟೆ ಕಟ್ಟದಿರಲಿ ಎಂದು
ಪರಂಗಿ ಬೀಜ ಒಣಗಿಸಿ ಕುಟ್ಟಿದ ಪುಡಿ.
"ಇದು ಸಾಯುವವರ ಔಷಧವಂತೆ?"
ಅವನ ಹೆಂಡತಿ ಕೋಬುಸಿಂಗೆ ಬಾಟಲಿಯನ್ನು ಬೆಳಕಿಗೆ ಹಿಡಿದಳು.
"ಮಲಗುವವರದ್ದು" ಎಂದೆ.
ಅವಳು ನಂಬಲಿಲ್ಲ. ಆದರೂ ಒಂದು ಹನಿ ಚೆಲ್ಲದೆ ಅಳೆದಳು.

ಮರುವಾರ ಮೂರು.
ಅದರ ಮರುವಾರವೂ ಮೂರು.
ಹಾಳೆಯಲ್ಲಿ ನನ್ನ ಮೂರುಗಳು ಸಾಲಾಗಿ ನಿಂತವು,
ದುಂಡಗೆ, ಹೇಳಿದ ಮಾತು ಕೇಳುವ ಮಕ್ಕಳ ಹಾಗೆ.

ನಾಲ್ಕನೇ ಬುಧವಾರ ಕೋಬುಸಿಂಗೆ
ಏನೂ ಹೇಳದೆ ಚಾಪೆಯ ತುದಿ ಮಡಚಿದಳು.
ಹಿಮ್ಮಡಿಯ ಎತ್ತರಕ್ಕೆ ಗೋಡೆ ತೋಡಿಹೋಗಿತ್ತು,
ಸುಣ್ಣ ಉದುರಿ ಕೆಂಪು ಮಣ್ಣು ಹಸಿಹಸಿ.
"ರಾತ್ರಿಯೆಲ್ಲ ಒದೆಯುತ್ತಾನೆ, ಸದ್ದಾಗದ ಹಾಗೆ."

"ಅರಾಲಿ, ಎಷ್ಟು?"
ಮೂರು.
"ಪೂರ್ತಿ ಅಂದರೆ ಎಷ್ಟು?"
ದಡ್ಡ ಮಗುವನ್ನು ನೋಡುವಂತೆ ನೋಡಿ
ಅದೇ ಕೈಯನ್ನು ಇನ್ನಷ್ಟು ಎತ್ತಿದ.
"ಇಷ್ಟೇ. ಇದೇ ಪೂರ್ತಿ."

ಆಗ ಕಂಡೆ.
ಚಹಾ ಕಾರ್ಖಾನೆಯ ರೋಲರು
ಉಳಿದೆರಡನ್ನು ಎಂದೋ ಎಲೆಯ ಜೊತೆ ಒಯ್ದಿತ್ತು.
ಇಲ್ಲದ್ದನ್ನು ಮಡಚಿಕೊಂಡಿದ್ದಾನೆ ಎಂದುಕೊಂಡಿದ್ದೆ,
ಮೂರು ವಾರ, ಕನ್ನಡಕ ಹಾಕಿಕೊಂಡೇ.
ಎಡಗೈ? ಅದು ಬೆನ್ನಿನ ಅಡಿಯಿಂದ ಬರುತ್ತಲೇ ಇರಲಿಲ್ಲ.
ಬಂದರೂ, ನರ್ಸಮ್ಮನಿಗೆ ಎಡಗೈಯಲ್ಲಿ ತೋರಿಸುವುದುಂಟೇ?

ಅವನು ಹೆಂಡತಿಯ ಕೈ ಎಳೆದುಕೊಂಡ.
ಹುರುಳಿ ಬಿಡಿಸುತ್ತಿದ್ದ ಕೈ, ಉಗುರಲ್ಲಿ ಹಸಿರು.
ಒಂದೊಂದೇ ಬೆರಳು ಬಿಚ್ಚಿದ, ಐದು.
ಇನ್ನೊಂದು ಕೈ ಕೇಳಿದ, ಅದೂ ಐದು.
ಆಮೇಲೆ ಅವಳ ಪಾದಗಳ ಕಡೆ ನೋಡಿದ.
"ಸಾಕು" ಎಂದಳು ಅವಳು, "ಸಾಕು, ಅಬ್ವೋಲಿಗೆ ಗೊತ್ತಾಯಿತು."

ಅಂದೇ ಅರ್ಧ ಏರಿಸಿದೆ. ಮೂರನೇ ದಿನ ಇನ್ನರ್ಧ.
ಐದನೇ ದಿನ ಹೋದಾಗ ಬಾಗಿಲಲ್ಲೇ ತಡೆದಳು,
ತುಟಿಯ ಮೇಲೆ ಬೆರಳು.
ಒಳಗೆ ಹಗಲು ಹನ್ನೊಂದಕ್ಕೆ ಗೊರಕೆ.
ಎದ್ದವನು ಸುಟ್ಟ ಬಾಳೆಹಣ್ಣು ಕೇಳಿದನಂತೆ,
ಮೇಕೆಯನ್ನು ಮಾರಬೇಡ ಎಂದನಂತೆ.

ಹಾಳೆಯ ಮೂರುಗಳನ್ನು ತಿದ್ದುವಂತಿಲ್ಲ.
ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ,
ಕೆಳಗಿನ ಅಕ್ಷರ ಕಾಣುತ್ತಿರಬೇಕು. ಅದು ನಿಯಮ.
ಕಾಣುತ್ತವೆ.

ಏಳು ವಾರ ಇದ್ದ.
ಮಣ್ಣು ಮಾಡಿದ ನಾಲ್ಕನೇ ದಿನ
ಒಂಬತ್ತು ಕಿಲೋಮೀಟರು ನಡೆದು ಬಂದಳು ಕೋಬುಸಿಂಗೆ,
ಬಾಟಲಿ ವಾಪಸು ಕೊಡಲು.
ಲೆಕ್ಕಕ್ಕೆ ಬೇಕಲ್ಲ, ಎಂದಳು.
ಅಳತೆ ಲೋಟ ಹುಡುಕಿದೆ, ಸಿಗಲಿಲ್ಲ.
ಅವಳೇ ಬಾಟಲಿಯ ತಳಕ್ಕೆ
ಕಿರುಬೆರಳು, ಉಂಗುರದ ಬೆರಳು ಅಡ್ಡ ಹಿಡಿದು ತೋರಿಸಿದಳು:

ಎರಡು ಬೆರಳಷ್ಟು ಉಳಿದಿತ್ತು.