ಬೆನ್ನು ತಿರುಗಿಸಿ ಬಡಿಸುವುದು

ಬಾರ್ಲಿಹಿಟ್ಟು ಎರಡು ಹಿಡಿ,
ಮೊಸರು ಕಡೆದು ಉಳಿದ ತಿಳಿ ಒಂದು ಚೊಂಬು.
ಉಪ್ಪು ಬೇಡ.
ಬೆರಣಿಯ ಸಣ್ಣ ಉರಿಯಲ್ಲಿ ಗಂಟಾಗದ ಹಾಗೆ ತಿರುವಬೇಕು,
ಆರಿದ ಮೇಲೆ ಮೊಣಕೈ ಅದ್ದಿ ನೋಡಬೇಕು
ಕೂಸಿನ ಸ್ನಾನದ ನೀರು ನೋಡಿದ ಹಾಗೆ.
ಇದನ್ನು ಹಿದಿರ್ ಮಾವ ಹೇಳಿಕೊಟ್ಟಿದ್ದಲ್ಲ.
ಅವರು ಹೇಳಿದ್ದು ಇಷ್ಟೇ:
ಮುಟ್ಟಬೇಡ.
ಚಳಿಗಾಲ ದಾಟುವ ತನಕ ಹೆಸರಿಡಬೇಡ.
ತಟ್ಟೆ ಇಟ್ಟು ಬೆನ್ನು ತಿರುಗಿಸಿ ಬಾ.

ಕಂಗಲ್ ಸಂತೆಯಿಂದ ಮಿನಿಬಸ್ಸಿನಲ್ಲಿ ಬಂತು
ಸೆಫೇರನ ಕೋಟಿನೊಳಗೆ, ದಾರಿಯುದ್ದ ಉಚ್ಚೆ ಹೊಯ್ದುಕೊಂಡು.
ನಲವತ್ತೈದು ದಿನದ ಮರಿ.
ಮೂತಿ ಬಾಣಲೆಯ ತಳ, ಮೈ ಒಣಹುಲ್ಲು,
ಪಾದ ಮಾತ್ರ ಯಾವುದೋ ದೊಡ್ಡ ನಾಯಿಯಿಂದ
ಕಡ ತಂದ ಹಾಗೆ.

ಮೊದಲ ರಾತ್ರಿ ಕುರಿಗಳ ನಡುವೆ ಬಿಟ್ಟೆವು.
ಅತ್ತಿತು.
ಗೋಡೆಯ ಈಚೆ ನಾನು.
ಎದೆಹಾಲು ಬತ್ತಿ ಹನ್ನೆರಡು ವರ್ಷ,
ಆದರೂ ಅಂಗಿಯ ಕೆಳಗೆ ಏನೋ ಜುಮ್ಮೆಂದಿತು.
ಎದ್ದು ಕೂತದ್ದು ಮಾವನಿಗೆ ಕೇಳಿಸಿತೇನೋ,
ಒಳಗಿನಿಂದಲೇ ಗೊಣಗಿದರು:
"ಅಳಲಿ ಬಿಡು.
ನೀನು ಎತ್ತಿಕೊಂಡರೆ ನಿನ್ನ ಬಾಗಿಲು ಕಾಯುತ್ತೆ.
ಯಾರ ಬಿಸಿಯಲ್ಲಿ ಮಲಗಿತೋ
ಅವರ ಋಣ."

ಬೆಳಿಗ್ಗೆ ನೋಡಿದರೆ
ಒಂಟಿಕೊಂಬಿನ ಮುದಿಕುರಿಯ ಪಕ್ಕೆಗೆ ಅಂಟಿಕೊಂಡಿದೆ.
ಎರಡು ಸಲ ಗುದ್ದಿರಬೇಕು ಅವಳು,
ಮೂರನೆಯ ಸಲ ಬೇಜಾರಾಗಿ ಬಿಟ್ಟಿರಬೇಕು.

ಜಂತಿನ ಮದ್ದು ತಂದ ಡಾಕ್ಟರ ಹುಡುಗಿ
ಚೀಲದ ತಿಂಡಿ ತೋರಿಸಿ ಬೆಲೆ ಹೇಳಿದಳು.
ಆ ದುಡ್ಡಿಗೆ ನಾನೇ ಬೊಗಳುತ್ತೇನೆ ಅಂದರು ಮಾವ.
ಮುಂಗಾಲು ಸೊಟ್ಟಗಾಗುತ್ತಿದ್ದದ್ದು ಅವಳಿಗೂ ಕಂಡಿತ್ತು, ನನಗೂ.
ಅಂದಿನಿಂದ ಗಂಜಿಗೆ ದಿನಾ ಒಂದು ಮೊಟ್ಟೆ,
ಚಿಪ್ಪು ಸಮೇತ ಅರೆದು.
ಕೋಳಿ ಯಾಕೋ ಇಡುತ್ತಿಲ್ಲ ಅಂದೆ ಮನೆಯಲ್ಲಿ.

ಹಲ್ಲು ಬಂದಾಗ ಬೇಯಿಸಿದ ಮೂಳೆ. ಹಸಿಯದು ಎಂದೂ ಇಲ್ಲ.
ಸತ್ತು ಹುಟ್ಟಿದ ಕುರಿಮರಿಯನ್ನು
ಇದರ ಮೂಗಿಗೆ ಸಿಗುವ ಮೊದಲೇ ಹೂಳಬೇಕು,
ಆಳವಾಗಿ, ಮೇಲೆ ಕಲ್ಲು ಹೇರಿ.
ಆ ರುಚಿಗೂ ಈ ಮಂದೆಗೂ ನಡುವೆ ಇರುವುದು
ನನ್ನ ಗುದ್ದಲಿಯೊಂದೇ.

ನನ್ನ ಹೆಸರು ದೋನೆ.
ತಿರುಗಲಿ ಎಂದರ್ಥ.
ನಾಲ್ಕನೆಯದೂ ಹೆಣ್ಣಾದಾಗ
ಇನ್ನಾದರೂ ಗಂಡಿಗೆ ತಿರುಗಲಿ ಎಂದು ಅಪ್ಪ ಇಟ್ಟದ್ದು.
ತಿರುಗಲಿಲ್ಲ. ನನ್ನ ಬೆನ್ನಿಗೆ ಮತ್ತಿಬ್ಬರು ತಂಗಿಯರು.
ಹೆಸರೊಂದು ಎಷ್ಟು ತೂಗುತ್ತದೆ ಎಂದು ಬಲ್ಲೆ,
ಅದಕ್ಕೇ ಇದಕ್ಕೆ ಇಡಲಿಲ್ಲ.
ಕುಚು ಕುಚು ಅನ್ನುತ್ತಿದ್ದೆ, ಅದು ಹೆಸರಲ್ಲ,
ಊರಿನ ಎಲ್ಲ ನಾಯಿಗೂ ಅನ್ನುವುದೇ.
ಒಂದೇ ಒಂದು ಸಲ, ಮಾವ ಸಿವಾಸ್ ಆಸ್ಪತ್ರೆಗೆ ಹೋದ ದಿನ,
ಕಿವಿಯ ಬುಡದಲ್ಲಿ ಉಣ್ಣೆ ಇತ್ತು, ಕೀಳಬೇಕಿತ್ತು.
ಕಿತ್ತೆ.
ಕಿತ್ತಾದ ಮೇಲೂ ಕೈ ಅಲ್ಲೇ ಇತ್ತು
ಸ್ವಲ್ಪ ಹೊತ್ತು.

ಈಗ ಶರತ್ಕಾಲ. ಸತ್ತ ಹಳೆಯ ನಾಯಿಯ ಮುಳ್ಳುಪಟ್ಟಿ
ಗೂಟದಿಂದ ಇಳಿದಿದೆ.
ಮಾವ ಒಂದೊಂದೇ ಮುಳ್ಳನ್ನು ಅರದಿಂದ ಉಜ್ಜುತ್ತಾರೆ.
ಇನ್ನೂ ಮೂರು ತೂತು ಸಡಿಲ.

ನಿನ್ನೆ ಬಕೆಟ್ಟು ಹೊತ್ತು ದಿಬ್ಬ ಹತ್ತಿದೆ.
ಮಂಜು. ಕುರಿಗಳು ಇದ್ದಷ್ಟೂ ಕಂಡವು, ಇಲ್ಲದಷ್ಟೂ ಕಂಡವು.
ಕುಚು ಕುಚು ಅಂದೆ.
ಎದ್ದಿತು. ಬಾಲ ಬೆನ್ನ ಮೇಲೆ ಸುರುಳಿಯಾಯಿತು.
ಮೂರು ಹೆಜ್ಜೆ ನನ್ನ ಕಡೆಗೆ.
ಆಗ ಮಂಜಿನೊಳಗೆ ಎಲ್ಲೋ ಒಂಟಿಕೊಂಬಿನವಳು ಕೆಮ್ಮಿದಳು.
ನಿಂತಿತು.
ನನ್ನನ್ನು ನೋಡಿತು, ಗಂಜಿಯ ಹಬೆ ನೋಡಿತು,
ತಿರುಗಿತು.

ತಟ್ಟೆಗೆ ಸುರಿದೆ. ಕೆನೆ ಕಟ್ಟಲು ಶುರುವಾಗಿತ್ತು.
ಇಳಿದು ಬಂದೆ.

ತಿಂತಾ? ಕೇಳಿದರು ಮಾವ, ಅರ ನಿಲ್ಲಿಸದೆ.
ನೋಡಲಿಲ್ಲ ಅಂದೆ.